ಮೂರನೇ ಪಂಪುಮನೆಯ ಎಲಚಿ ಕೊಂಬೆ

ಮೂತ್ರಕ್ಕೆ ಹೋಗುವ ಮನುಷ್ಯ ಸತ್ತವನನ್ನು ಕೈಯಲ್ಲಿ ಹಿಡಿದುಕೊಂಡು ಹೋಗುವುದಿಲ್ಲ.

ನಾರೆ ಮಾವ ಹೋದರು. ಬಸ್ಸು ನಿಲ್ಲಿಸಿ, ಎಲಚಿ ಕೊಂಬೆಯನ್ನು ಎದೆಗೊತ್ತಿಕೊಂಡು, ಎಪ್ಪತ್ತೊಂದು ವರ್ಷದ ಮಂಡಿಗಳನ್ನು ಒಂದೊಂದಾಗಿ ಮೆಟ್ಟಿಲು ಇಳಿಸಿ, ಮೂರನೇ ಪಂಪುಮನೆಯ ಹಿಂದಕ್ಕೆ ಹೋದರು. ಪಕ್ಕದ ಸೀಟಿನಲ್ಲೇ ನಾನಿದ್ದೆ. ಕೊಂಬೆಯನ್ನು ನನ್ನ ಕೈಗೆ ಕೊಟ್ಟು ಹೋಗಬಹುದಿತ್ತು. ನಮ್ಮಲ್ಲಿ ಹಾಗೆ ಕೊಡುವುದೇ ಪದ್ಧತಿ.

ಬಸ್ಸಿನಲ್ಲಿದ್ದ ಯಾರಿಗೂ ಇದು ವಿಚಿತ್ರ ಎನಿಸಲಿಲ್ಲ. ಚಿಕ್ಕಮ್ಮಂದಿರು ಬಿಸಿಲಿಗೆ ತೂಕಡಿಸುತ್ತಿದ್ದರು. ಗಣಿಯ ಕಾವಲು ಅಧಿಕಾರಿ ಮಬುಂಡಾ ಮುಂದಿನ ಸೀಟಿನಲ್ಲಿ ವಾಕಿಟಾಕಿ ರೇಡಿಯೋ ತೊಡೆಯ ಮೇಲಿಟ್ಟುಕೊಂಡು ಆಕಳಿಸಿದ. ಲೆಸಿಬಾನ ಹೆಂಡತಿ ಫೆಲಾಡಿ ಕಪ್ಪು ಶಾಲಿನಲ್ಲಿ ಮುಖ ಹುದುಗಿಸಿ ಕೂತಿದ್ದಳು. ಅವಳ ಪಕ್ಕದ ಸೀಟನ್ನು ಖಾಲಿ ಬಿಟ್ಟಿದ್ದೆವು. ಅದು ಲೆಸಿಬಾನದು.

ಒಂಬತ್ತು ದಿನದ ಹಿಂದೆ ತೀರಿಹೋದ ನನ್ನ ಚಿಕ್ಕಮ್ಮನ ಮಗ ಲೆಸಿಬಾ ಗಣಿಯ ತಾಮ್ರದ ಕಡೆ, ಅದಿರು ಸುರಿಯುವ ಗುಂಡಿಯ ತಳದಲ್ಲಿ, ಹೆಗಲ ಮೇಲೆ ಕದ್ದ ತಾಮ್ರದ ಕೇಬಲ್ ಸುರುಳಿಯೊಂದಿಗೆ ಹೆಣವಾಗಿ ಸಿಕ್ಕಿದ್ದ. ಕುಡಿದಿದ್ದ, ಕಳ್ಳ, ಕಾಲು ಜಾರಿ ಬಿದ್ದ ಎಂದು ಗಣಿಯವರು ಬರೆದು ಮುಗಿಸಿದ್ದರು. ಶನಿವಾರ ಮಣ್ಣು ಮಾಡಬೇಕು. ಅಷ್ಟರೊಳಗೆ ಆ ಕಳ್ಳನೆಂಬ ಹೆಸರನ್ನು ಒರೆಸಿಕೊಡಿ ಎಂದು ಫೆಲಾಡಿ ನನ್ನ ಎರಡೂ ಕೈ ಹಿಡಿದು ಕೇಳಿದ್ದಳು. ಇವತ್ತು ಗುರುವಾರ.

ನಾನು ಮೊಸಿಬುಡಿ, ಮನೆಯವರಿಗೆ ಸಿಬು. ಹದಿನಾರು ವರ್ಷ ಪೊಲೀಸಿನಲ್ಲಿ ಸಾರ್ಜೆಂಟ್ ಆಗಿದ್ದೆ. ಈಗ ಊರಿನ ಶವಸಂಸ್ಕಾರ ಸಂಘದ ಪರವಾಗಿ, ಸಂಘದ ದುಡ್ಡಿಗಾಗಿ ಸತ್ತರೆಂದು ಮನೆಯವರು ಬರೆದುಕೊಟ್ಟ ಜನ ನಿಜವಾಗಿಯೂ ಸತ್ತಿದ್ದಾರೆಯೇ ಎಂದು ನೋಡಿಬರುವುದು ನನ್ನ ಕೆಲಸ. ಎರಡು ಸಲ ಸತ್ತವರನ್ನು ಮದುವೆ ಊಟದಲ್ಲಿ ಹಿಡಿದಿದ್ದೇನೆ. ಯಾರ ಮಾತನ್ನೂ ನಂಬುವುದಿಲ್ಲ ಎಂದು ಜನ ನನ್ನನ್ನು ಆಡಿಕೊಳ್ಳುತ್ತಾರೆ. ಒಬ್ಬರನ್ನು ಬಿಟ್ಟು, ಎಂದು ನಾನು ಸೇರಿಸುತ್ತಿದ್ದೆ. ನನ್ನನ್ನೂ ಲೆಸಿಬಾನನ್ನೂ ಅನ್ನ ಹಾಕಿ ಸಾಕಿದ ಸೋದರಮಾವನನ್ನು ನಂಬದೆ ಇನ್ಯಾರನ್ನು ನಂಬಲಿ?

ಬೆಳಿಗ್ಗೆ ಗಣಿಯ ಗೇಟಿನಲ್ಲೇ ಒಂದು ಪ್ರಹಸನ ನಡೆದಿತ್ತು. ಮನೆಯ ಹೊರಗೆ ಸತ್ತವನ ಜೀವವನ್ನು ಅವನು ಬಿದ್ದ ಜಾಗದಿಂದಲೇ ಎಲಚಿ ಕೊಂಬೆಯ ಮೇಲೆ ಕೂರಿಸಿಕೊಂಡು ಬರದೆ ನಾವು ಮಣ್ಣು ಮಾಡುವುದಿಲ್ಲ. ಗಣಿಯವರಿಗೂ ಇದು ಹೊಸದಲ್ಲ, ಅದಕ್ಕೆಂದೇ ಬಸ್ಸು ಕೊಡುತ್ತಾರೆ. ಆದರೆ ಗಣಿಯ ನಿಯಮ ಗಣಿಯದು. ಎಲ್ಲರೂ ಹೆಲ್ಮೆಟ್ ಹಾಕಬೇಕು, ಕೊಳವೆಗೆ ಊದಿ ಕುಡಿದಿಲ್ಲವೆಂದು ತೋರಿಸಬೇಕು.

"ಒಳಗೆ ಹೋಗೋರು ಹನ್ನೊಂದು," ಎಂದು ಮಬುಂಡಾ ಬರೆದುಕೊಂಡ.

"ಹೊರಗೆ ಬರೋರು ಹನ್ನೆರಡು," ಎಂದರು ಮಕೊಮಾ ಚಿಕ್ಕಮ್ಮ. "ಈಗ್ಲೇ ಬರ್ಕೋ. ಆಮೇಲೆ ಒಬ್ರು ಜಾಸ್ತಿ ಅಂತ ನಮ್ಮನ್ನ ಬಿಸಿಲಲ್ಲಿ ನಿಲ್ಲಿಸ್ಬೇಡ."

"ಹನ್ನೆರಡನೆಯವನೂ ಊದ್ಬೇಕಾ ಅಜ್ಜಿ?"

"ಅವನು ಕುಡೀತಿರ್ಲಿಲ್ಲ ಕಣಪ್ಪ. ಕುಡಿದು ಬಿದ್ದ ಅಂತ ಬರ್ದವರು ನೀವು. ನೀವೇ ಊದಿ."

ಮಬುಂಡಾ ತಲೆ ತಗ್ಗಿಸಿದ. ಅವನು ನೆರೆಯ ತ್ಸೋಂಗಾ ಜನದವನು, ಅವರ ಕಡೆಯೂ ಕೊಂಬೆಯ ಶಾಸ್ತ್ರ ಉಂಟು. ತನ್ನ ತಮಾಷೆಗೆ ಅವನಿಗೇ ನಾಚಿಕೆಯಾದಂತೆ ಕಂಡಿತು.

ಶಾಸ್ತ್ರ ಏನೆಂದರೆ, ಜೀವ ಎತ್ತಿಕೊಂಡ ಕ್ಷಣದಿಂದ ಮನೆಯ ಹೊಸ್ತಿಲು ದಾಟುವವರೆಗೆ ಕೊಂಬೆ ಹಿಡಿದವರು ಸತ್ತವನೊಂದಿಗೆ ಮಾತ್ರ ಮಾತಾಡಬೇಕು. ಬದುಕಿದವರೊಂದಿಗೆ ಒಂದು ಮಾತು ಆಡಿದರೂ ಜೀವ ದಾರಿಯಲ್ಲೇ ಇಳಿದುಬಿಡುತ್ತದೆ. ಆಮೇಲೆ ಅದಕ್ಕೆ ಮನೆಯೇ ಇಲ್ಲ.

ತಾಮ್ರದ ಕಡೆ ನೆಲ, ಗೋಡೆ, ಗಾಳಿ ಎಲ್ಲವೂ ಕಪ್ಪು ಧೂಳು. ಅಲ್ಲಿ ಮಾವ ಕೊಂಬೆಯನ್ನು ಗುಂಡಿಯ ಅಂಚಿನ ಕಬ್ಬಿಣದ ಜಾಲರಿಗೆ ಮುಟ್ಟಿಸಿ, "ಬಾರಪ್ಪ, ಹೋಗೋಣ," ಎಂದು ಎದ್ದುಬಿಟ್ಟರು. ಲೆಸಿಬಾನ ಹೆಸರು ಕರೆಯಲಿಲ್ಲ. ನಮ್ಮ ಮುಳ್ಳುಹಂದಿ ಬೆಡಗಿನ ಹೆಸರು ಹೇಳಲಿಲ್ಲ. ನನ್ನ ಅಮ್ಮನ ಜೀವವನ್ನು ಆಸ್ಪತ್ರೆಯ ಮಂಚದಿಂದ ಕರೆತಂದ ದಿನ ಇದೇ ಮಾವ ಏಳು ತಲೆಮಾರು ಹೇಳುತ್ತಾ ನರ್ಸುಗಳನ್ನು ಅರ್ಧ ಗಂಟೆ ಕಾಯಿಸಿದ್ದರು.

ಮುದುಕರು, ಸಕ್ಕರೆ ಕಾಯಿಲೆ, ದಣಿದಿದ್ದಾರೆ ಎಂದುಕೊಂಡೆ. ಪ್ರೀತಿ ಇರುವ ಕಡೆ ನಾವೇ ನೆಪ ಹುಡುಕಿಕೊಡುತ್ತೇವೆ.

ಅಲ್ಲಿಂದ ಗೇಟಿಗೆ ಬರುವ ರಸ್ತೆ ಫಾಸ್ಫೇಟಿನ ಕಡೆಯಿಂದ ಹಾದು ಬರುತ್ತದೆ. ಫಾಸ್ಫೇಟ್ ತೊಳೆದು ಉಳಿದ ಬಿಳಿ ಕೆಸರನ್ನು ನಿಲ್ಲಿಸುವ ದೊಡ್ಡ ಕಟ್ಟೆ ಅಲ್ಲಿದೆ. ಕಟ್ಟೆಯ ಗೋಡೆಯಲ್ಲಿ ಇಳಿಸಿದ ಕೊಳವೆಗಳಲ್ಲಿ ನೀರು ಎಷ್ಟು ಏರಿದೆ ಎಂದು ದಿನವೂ ಅಳೆಯುವುದು ಲೆಸಿಬಾನ ಕೆಲಸವಾಗಿತ್ತು. ಗೋಡೆಯ ಕೆಳಗಿನ ಇಳಿಜಾರಿನಲ್ಲಿ ನಮ್ಮೂರು ಮೊರುಲೆನಿ. ಬಸ್ಸು ಅಲ್ಲಿಗೆ ಬಂದಾಗ ಮಾವ ಕೊಂಬೆಗೆ ಹೇಳಿದರು, "ಸ್ವಲ್ಪ ತಾಳಪ್ಪ, ನಿನ್ನ ಮಾವನಿಗೆ ಅವಸರ ಆಗಿದೆ." ಡ್ರೈವರ್ ಕೇಳಿಸಿಕೊಂಡು ಬ್ರೇಕ್ ಹಾಕಿದ.

ಐದು ನಿಮಿಷ ಕಾದೆ. ಆಮೇಲೆ ನಾನೂ ಇಳಿದೆ.

ಪಂಪುಮನೆಯ ಹಿಂದೆ ಕೆಸರು ಇಳಿಯುವ ಸಿಮೆಂಟಿನ ತೊಟ್ಟಿಯೊಂದಿದೆ, ಆಳು ಮುಳುಗುವಷ್ಟು ಆಳ. ಅದರ ಅಂಚಿನಲ್ಲಿ ಮಾವ ಮಂಡಿಯೂರಿದ್ದರು. ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟಿದ್ದರು. ಕೊಂಬೆ ನೆಲದ ಮೇಲೆ ಮಲಗಿತ್ತು. ಅವರ ದನಿ ಈಗ ಬೇರೆಯೇ ಆಗಿತ್ತು.

"ಲೆಸಿಬಾ. ಮುಳ್ಳುಹಂದಿ ಬೆಡಗಿನವನೇ. ಸೆಲೊಮಾನ ಮಗನೇ, ಮೊದಿಬಾನ ಮೊಮ್ಮಗನೇ. ಬೆಟ್ಟದ ಕಲ್ಲಿಂದ ತಾಮ್ರ ಇಳಿಸಿದವರ ಕುಡಿಯೇ. ನೀನು ಬಿದ್ದದ್ದು ಇಲ್ಲಿ. ಇಲ್ಲಿಂದ್ಲೇ ಏಳಪ್ಪ. ಅಲ್ಲಿ ನಿನ್ನನ್ನ ಸುಳ್ಳೇ ಕರ್ದೆ, ಕ್ಷಮಿಸು."

ಪೊಲೀಸರ ಕಣ್ಣಿಗೆ ಮಣ್ಣೆರಚಬಹುದು, ಗಣಿಯ ವಿಚಾರಣೆಯಲ್ಲಿ ಸುಳ್ಳು ಹೇಳಬಹುದು. ಆದರೆ ಅಕ್ಕನ ಮಗನ ಜೀವವನ್ನು ಕೆಸರಿನಲ್ಲಿ ಬಿಟ್ಟು ಬರೀ ಕೊಂಬೆ ಹೊತ್ತು ಮನೆಗೆ ಹೋಗಲು ನಮ್ಮ ಜನದಲ್ಲಿ ಹುಟ್ಟಿದ ಮುದುಕನಿಗೆ ಸಾಧ್ಯವಿಲ್ಲ. ಆ ಒಂದು ಕಡೆ ಮಾತ್ರ ಅವರಿಗೆ ಸುಳ್ಳು ಹೇಳಲು ಆಗಲಿಲ್ಲ.

ಅವರು ಕೊಂಬೆ ಎತ್ತಿಕೊಂಡು ಎದ್ದು ತಿರುಗಿದರು. ನನ್ನನ್ನು ಕಂಡರು.

"ಮಾವ, ಲೆಸಿಬಾ ಇಲ್ಲಿ ಬಿದ್ದ ಅಂತ ನಿಮಗೆ ಹೇಗೆ ಗೊತ್ತು?"

ತುಟಿ ಅಲುಗಿತು. ಮಾತು ಬರಲಿಲ್ಲ. ಬರುವ ಹಾಗಿರಲಿಲ್ಲ, ಜೀವ ಈಗ ನಿಜವಾಗಿಯೂ ಅವರ ಕೈಯಲ್ಲಿತ್ತು.

"ಶವಾಗಾರದಲ್ಲಿ ಅವನ ಬೂಟು ನೋಡಿದೆ ಅಂತ ನಿಮಗೇ ಹೇಳಿದ್ದೆ. ಅಡಿಯ ಗೀರುಗಳ ತುಂಬ ಬಿಳಿ ಕೆಸರು. ತಾಮ್ರದ ಕಡೆಯ ಕರಿ ಧೂಳು ಚೂರೂ ಇರ್ಲಿಲ್ಲ. ಕಪ್ಪು ಜಾಗಕ್ಕೆ ನಡ್ಕೊಂಡು ಹೋದವನ ಬೂಟು ಬೆಳ್ಳಗಿರೋದು ಹೇಗೆ ಮಾವ? ಅದನ್ನ ಬಿಡು ಅಂದ್ರಿ. ಬಿಟ್ಟೆ!"

ಮಾವ ಕೊಂಬೆಯನ್ನು ನೋಡಿದರು.

"ಕೇಬಲ್ ಸುರುಳಿ ನೋಡಿದೆ. ಎರಡು ಸುತ್ತು ಹಾಕಿ ತುದಿ ಒಳಗೆ ಸಿಕ್ಕಿಸಿದ ಗಂಟು. ಅದು ನೆಲದಡಿ ಗಣಿಯವರು ಹಾಕೋ ಹಳೇ ಗಂಟು. ಲೆಸಿಬಾ ಒಂದು ದಿನಾನೂ ನೆಲದಡಿಗೆ ಇಳಿದವನಲ್ಲ. ಯಾರ ಕೈಯದು ಅಂತ ಮೂರು ರಾತ್ರಿ ತಲೆ ಕೆಡಿಸ್ಕೊಂಡೆ."

ಹೇಳುತ್ತಾ ಹೇಳುತ್ತಾ ನನಗೆ ನೆನಪಾಯಿತು. ಎಂಟು ವರ್ಷದವಳಿದ್ದಾಗ ನನ್ನ ಮೊದಲ ಸೌದೆ ಹೊರೆಯನ್ನು ಅದೇ ಗಂಟು ಹಾಕಿ ತಲೆ ಮೇಲಿಟ್ಟವರು ಇವರೇ.

"ಅವನ ಹೆಗಲಿಗೆ ಕಳ್ಳತನ ಕಟ್ಟಿದ್ದು ನೀನು," ಎಂದೆ. ಜನ್ಮದಲ್ಲಿ ಮೊದಲ ಸಲ ಮಾವನಿಗೆ ಏಕವಚನ ಬಂತು. "ನನಗೆ ಹೇಳ್ಬೇಡ. ಕೊಂಬೆ ಹಿಡಿದಿದ್ದೀಯ, ಹೇಳಕ್ಕಾಗಲ್ಲ. ಅವನಿಗೆ ಹೇಳು. ನಾನು ಕೇಳಿಸ್ಕೋತೀನಿ."

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಒಮ್ಮೆ ಕೂಗಿ ಸುಮ್ಮನಾಯಿತು. ಮಾವ ಕೊಂಬೆಯ ಎಲೆಗಳಿಗೆ ಬಾಯಿ ಹತ್ತಿರ ತಂದು ಮಾತಾಡಿದರು, ಮಗುವಿಗೆ ಜ್ವರ ಬಂದಾಗ ಮಾತಾಡುವ ದನಿಯಲ್ಲಿ.

"ಲೆಸಿಬಾ, ನಿನ್ನ ಅಕ್ಕ ಕೇಳ್ತಿದ್ದಾಳೆ. ನೀನೇ ಬಂದು ಹೇಳಿದ್ಯಲ್ಲ, ಗೋಡೆ ಬುಡದಲ್ಲಿ ಮಳೆಯಿಲ್ಲದ ಆಗಸ್ಟ್ ತಿಂಗಳಲ್ಲೂ ಜೊಂಡು ಹಸಿರಾಗಿದೆ, ಮಾವ, ಕೊಳವೆಯಲ್ಲಿ ನೀರು ಏರ್ತಿದೆ ಅಂತ. ಸೋಮವಾರ ಸರ್ಕಾರದ ಇನ್‌ಸ್ಪೆಕ್ಟರ್ ಬರ್ತಾರೆ, ತೋರಿಸ್ತೀನಿ ಅಂದೆ ನೀನು. ಬೇಡ ಅಂದೆ ನಾನು."

"ಯಾಕೆ ಬೇಡ ಅಂದ್ನಂತೆ? ಕೇಳು ಲೆಸಿಬಾ," ಎಂದೆ.

"ಆ ಗೋಡೆ ಎಬ್ಬಿಸಿದವನು ನಾನಲ್ವೇನಪ್ಪ. ಇಪ್ಪತ್ತಾರು ವರ್ಷದ ಹಿಂದೆ. ನೀರು ಇಳಿದುಹೋಗ್ಲಿ ಅಂತ ಬುಡದಲ್ಲಿ ಕಲ್ಲು ತುಂಬಬೇಕಿತ್ತು. ಮಳೆಗಾಲ ಬಂದ್ಬಿಡ್ತು, ಕಲ್ಲಿನ ಲಾರಿ ಬರ್ಲಿಲ್ಲ. ಮರಳು ತುಂಬಿಸಿ ಕಲ್ಲು ಅಂತ ಬರ್ದೆ. ಅದೇ ಗೋಡೆಗೆ ಮುಖ್ಯಸ್ಥರ ಚಾವಡೀಲಿ ನನ್ನ ಫೋಟೋ ನೇತುಹಾಕಿದ್ದಾರೆ. ಹುಡುಗರೆಲ್ಲ ಗೋಡೆ ಅಜ್ಜ ಅಂತಾರೆ ನನ್ನ."

"ಒಂದು ಫೋಟೋಗೆ!" ಎಂದೆ. ನನ್ನ ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಒಂದು ಫೋಟೋ ಇಳಿಸ್ತಾರೆ ಅಂತ ನನ್ನ ತಮ್ಮನ್ನ ಇಳಿಸಿಬಿಟ್ಯಾ?"

"ನಿನ್ನ ಸುಮ್ಮನಿರಿಸ್ಲಿ ಅಂತ ಮ್ಯಾನೇಜರ್ ವಿಸಾಗಿಗೆ ಹೇಳ್ದೆ ಲೆಸಿಬಾ. ಬರೀ ಮಾತಾಡ್ತೀನಿ ಅಂದ. ಮಧ್ಯಾಹ್ನ ಊಟದ ಹೊತ್ತಲ್ಲಿ ಇಲ್ಲಿಗೆ ಬಾ ಅಂತ ನಿನ್ನ ಕರ್ದಿದ್ದು ನಾನು. ನಾನು ಕರ್ದಿದ್ದಕ್ಕೇ ನೀನು ಬಂದೆ."

"ತಳ್ಳಿದ್ದು ಯಾರು?"

ಮಾವ ಒಂದು ಎಲೆಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು.

"ಯಾರು ತಳ್ಳಿದ್ದು ಅಂತ ನಿನಗೆ ಗೊತ್ತು ಲೆಸಿಬಾ. ಗೊತ್ತಿರೋನಿಗೆ ಮತ್ತೆ ಹೇಳೋದೇನು?"

ಹಳೆಯ ನರಿ. ಸತ್ತವನಿಗೆ ಸುಳ್ಳು ಹೇಳುವ ಹಾಗಿಲ್ಲ, ಆದರೆ ಹೇಳದೆ ಇರಬಹುದು. ಉಳಿದದ್ದನ್ನು ಹೇಳಿದರು. ತೊಟ್ಟಿಯಿಂದ ಎಳೆದದ್ದು, ವಿಸಾಗಿಯ ಗಾಡಿಯ ಹಿಂದೆ ಮಲಗಿಸಿದ್ದು, ಮುಖ ಮೈ ತೊಳೆದು ಬಟ್ಟೆ ಬದಲಿಸಿದ್ದು. ಬೂಟು ಮರೆತದ್ದು. ಕಾಲು ಹಿಡಿದವರು ಮಾವ. ಗಂಟು ಹಾಕಿದವರೂ ಮಾವ.

"ಸಾಕು," ಎಂದೆ. "ಇದನ್ನೆಲ್ಲ ಈಗ ಬಸ್ಸಿನಲ್ಲಿರೋರಿಗೆ ಹೇಳ್ತೀನಿ. ಮೊದಲು ಫೆಲಾಡಿಗೆ."

ಮಾವ ಒಂದು ಹೆಜ್ಜೆ ಇಟ್ಟರು. ಮಂಡಿ ಮಡಚಿತು. ತೊಟ್ಟಿಯ ಕಡೆಗೆ ವಾಲಿದರು. ವಾಲುತ್ತಾ ಕೊಂಬೆಯನ್ನು ನನ್ನ ಕಡೆ ಚಾಚಿದರು.

ಹಿಡಿದವರ ಕೈ ಸೋತರೆ ಪಕ್ಕದವರು ಎರಡೂ ಕೈ ಒಡ್ಡಿ ತೆಗೆದುಕೊಳ್ಳಬೇಕು. ಯೋಚಿಸುವ ವಿಷಯವೇ ಅಲ್ಲ ಅದು, ಬೀಳುವ ಮಗುವನ್ನು ಹಿಡಿಯುವ ಹಾಗೆ. ನನ್ನ ಕೈಗಳು ತಾವೇ ಮುಂದೆ ಹೋದವು. ಮುಳ್ಳು ಅಂಗೈಗೆ ನಾಟಿತು. ಕೊಂಬೆ ನನ್ನದಾಯಿತು.

ಮಾವ ನೆಟ್ಟಗೆ ನಿಂತರು. ಮಂಡಿಗೆ ಏನೂ ಆಗಿರಲಿಲ್ಲ.

"ಈಗ ನಾನು ಮಾತಾಡ್ಬಹುದು," ಎಂದು ಪ್ಯಾಂಟಿನ ಧೂಳು ಕೊಡವಿಕೊಂಡರು. "ನಿನಗಾಗಲ್ಲ. ಜೋಪಾನ ಸಿಬು. ಮನೆಗೆ ಹೋಗೋವರೆಗೂ ತಮ್ಮನ್ನ ಬೀಳಿಸ್ಬೇಡ."

ಇದನ್ನೆಲ್ಲ ನಂಬುತ್ತೀಯಾ ಎಂದು ನನ್ನನ್ನು ಕೇಳಬೇಡಿ. ಪೊಲೀಸಿನಲ್ಲಿದ್ದಾಗ ನಂಬುವುದಿಲ್ಲ ಎಂದೇ ಹೇಳುತ್ತಿದ್ದೆ. ಆದರೆ ನಾನೇ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ ತಮ್ಮ ಆ ಕೊಂಬೆಯ ಮೇಲೆ ಕೂತಿದ್ದಾನೆ ಎಂದು ಎಲ್ಲರೂ ನಂಬಿದ್ದಾಗ, ಬಾಯಿ ತೆರೆದು ಅವನನ್ನು ಆ ಕೆಸರಿಗೆ ಇಳಿಸಲು ನನ್ನಿಂದ ಆಗಲಿಲ್ಲ. ಮಾವನಿಗೆ ಅದು ಗೊತ್ತಿತ್ತು. ಗೊತ್ತಿರದೆ ಏನು, ನನ್ನನ್ನು ಬೆಳೆಸಿದ್ದೇ ಅವರು.

ಬಸ್ಸಿನ ಬಾಗಿಲಲ್ಲಿ ಮಾವ ಎಲ್ಲರಿಗೂ ಕೇಳುವಂತೆ ಹೇಳಿದರು, "ನನ್ನ ಮಂಡಿ ನಿಲ್ತಿಲ್ಲ. ಸಿಬು ಕೈಗೆ ಕೊಟ್ಟೆ."

"ಒಳ್ಳೇದಾಯ್ತು, ಅಕ್ಕನ ಕೈಯಲ್ಲೇ ಬರ್ತಾನೆ," ಎಂದು ಮಕೊಮಾ ಚಿಕ್ಕಮ್ಮ ಕಣ್ಣೊರೆಸಿಕೊಂಡರು.

ಮಬುಂಡಾ ಒಂದು ಲಕೋಟೆ ತೆಗೆದು ಫೆಲಾಡಿಯ ಕೈಗಿಟ್ಟ. "ಅಮ್ಮ, ಗೇಟ್ ದಾಟೋಕೆ ಮುಂಚೆ ಇದರ ಪ್ರತಿ ನಿಮಗೆ ಕೊಡ್ಬೇಕು ಅಂತ ಮ್ಯಾನೇಜರ್ ಹೇಳಿದ್ದಾರೆ."

ಮಾವನ ಉಪಾಯವನ್ನೇ ನಾನೂ ಹಿಡಿದೆ. ಕೊಂಬೆಗೆ ಜೋರಾಗಿ ಹೇಳಿದೆ, "ಲೆಸಿಬಾ, ನಿನ್ನ ಹೆಂಡ್ತಿಗೆ ಹೇಳು. ಗಣಿಯವರ ಯಾವ ಕಾಗದಕ್ಕೂ ಸಹಿ ಹಾಕೋದು ಬೇಡ."

ಫೆಲಾಡಿ ಶಾಲಿನಿಂದ ಮುಖ ಹೊರಗೆ ತೆಗೆದಳು. ಒಂಬತ್ತು ದಿನದ ಅಳು ಆ ಮುಖದಲ್ಲಿತ್ತು.

"ನಿನ್ನೆಯೇ ಹಾಕಿದ್ನಲ್ಲ ಅಕ್ಕಾ. ನೀವು ಹಾಕಿದ್ದೀರಿ ಅಂತ ಮಾವ ತಂದು ತೋರಿಸಿದ್ರು. ನೀವೇ ಒಪ್ಪಿದ ಮೇಲೆ ಇನ್ನೇನು ದಾರಿ ಇದೆ ಅಂತ ಹಾಕ್ದೆ."

ಕಾಗದವನ್ನು ನನ್ನ ಕಣ್ಣ ಮುಂದೆ ಹಿಡಿದಳು. ಮೃತನು ತಾಮ್ರ ಕದಿಯಲು ನಿಷೇಧಿತ ಜಾಗಕ್ಕೆ ಹೋಗಿದ್ದನೆಂದು ಕುಟುಂಬ ಒಪ್ಪುತ್ತದೆ, ಮುಂದೆ ಯಾವ ತನಿಖೆಯನ್ನೂ ಕೇಳುವುದಿಲ್ಲ. ಕೆಳಗೆ ಫೆಲಾಡಿಯ ಸಹಿ. ಅದರ ಮೇಲೆ ನನ್ನದು.

ನಕಲಿಯಲ್ಲ. ನನ್ನದೇ. ಪಕ್ಕದಲ್ಲಿ ಎಣ್ಣೆಯ ಕಲೆ ಕೂಡ ಪ್ರತಿಯಲ್ಲಿ ಕಪ್ಪಾಗಿ ಮೂಡಿತ್ತು. ಮಂಗಳವಾರ ಮಾವನ ಮನೆಯಲ್ಲಿ ಜೋಳದ ಮುದ್ದೆ, ಟೊಮೇಟೊ ಹಾಕಿ ಹುರಿದ ಮೊಪಾನೆ ಮರದ ಕಂಬಳಿಹುಳು ತಿನ್ನುತ್ತಿದ್ದೆ. ಕೊಂಬೆ ತರಲು ಗಣಿಯ ಒಳಗೆ ಬಿಡುವ ಅನುಮತಿ ಕಾಗದ ಎಂದು ಮಾವ ಎರಡು ಹಾಳೆ ಮುಂದಿಟ್ಟರು. ಇಲ್ಲಿ ಒಂದು, ಇಲ್ಲಿ ಒಂದು ಎಂದರು. ಊರವರ ಕಾಗದಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡುವ ನಾನು ಕೈ ಕೂಡ ತೊಳೆಯದೆ ಹಾಕಿಕೊಟ್ಟೆ. ಇನ್ನೊಂದು ಸೌಟು ಬಡಿಸಿದರು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನನ್ನ ತಮ್ಮನನ್ನು ಕಳ್ಳನೆಂದು ಬರೆದುಕೊಟ್ಟವಳು ನಾನೇ ಆಗಿದ್ದೆ.

"ಲೆಸಿಬಾ!" ಎಂದು ಕೂಗಿದೆ. "ನೀನು ಆ ಗುಂಡಿಯಲ್ಲಿ ಬೀಳಲಿಲ್ಲ. ಇಲ್ಲಿ ಬಿದ್ದೆ. ನಿನ್ನ ಕರೆಸಿದವರು..."

"ಪಾಪ, ದುಃಖಕ್ಕೆ ತಲೆ ಕೆಟ್ಟಿದೆ," ಎಂದರು ಮಾವ ನನ್ನ ಬೆನ್ನು ಸವರಿ. "ತಮ್ಮ ಅಂದ್ರೆ ಪ್ರಾಣ ಇವಳಿಗೆ. ಬಿಸಿಲು ಬೇರೆ. ನೀರು ಕೊಡ್ರಮ್ಮ."

"ಏನ್ ಹೇಳ್ತಿದ್ದೀಯೇ ಸಿಬು?" ಎಂದರು ಚಿಕ್ಕಮ್ಮ. "ಯಾರು ಕರೆಸಿದ್ದು? ನನ್ನ ಮುಖ ನೋಡಿ ಹೇಳು."

ಅವರ ಮುಖ ನೋಡಿ ಹೇಳುವ ಹಾಗಿರಲಿಲ್ಲ. ಕೊಂಬೆಗೆ ಮಾತಾಡುವ ಹುಚ್ಚಿ ಒಂದು ಕಡೆ, ಗೋಡೆ ಅಜ್ಜ ಇನ್ನೊಂದು ಕಡೆ. ಯಾರ ಮಾತು ನಿಲ್ಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಎಲ್ಲರೂ ನನ್ನನ್ನು ಕರುಣೆಯಿಂದ ನೋಡುತ್ತಿದ್ದರು. ನಾನು ಬೆಂಕಿಯಾಗಿ ಉರಿಯುತ್ತಿದ್ದೆ.

ಮಾತು ಬೇಡ ಎಂದುಕೊಂಡೆ. ಬಸ್ಸಿಗೆ ಬೆನ್ನು ಹಾಕಿದೆ. ಪಂಪುಮನೆ ದಾಟಿ, ತೊಟ್ಟಿ ದಾಟಿ, ಗೋಡೆಯ ಬುಡಕ್ಕೆ ನಡೆದೆ. ಇಪ್ಪತ್ತಾಳು ಎತ್ತರದ ಬಿಳಿ ಗೋಡೆ. ಸುತ್ತಲ ಹುಲ್ಲೆಲ್ಲ ಒಣಗಿ ತರಗಾಗಿತ್ತು. ಅಲ್ಲಿ ಮಾತ್ರ ಜೊಂಡು ನನ್ನ ಎದೆಯವರೆಗೆ ಹಸಿರಾಗಿ ನಿಂತಿತ್ತು. ಅದರ ನಡುವೆ ಕಾಲು ಚಾಚಿ ಕೂತೆ. ಲಂಗದ ಅಡಿಯಿಂದ ತಣ್ಣಗೆ ನೀರು ಏರಿತು.

"ಲೆಸಿಬಾ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನಾವು ಮನೆಗೆ ಹೋಗೋದಿಲ್ಲ. ಇಲ್ಲೇ ಕೂರೋಣ. ಶನಿವಾರ ಅವರು ಬರೀ ಪೆಟ್ಟಿಗೆ ಹೂಳ್ಲಿ."

ಬಸ್ಸಿನಿಂದ ಅಳು ಎದ್ದಿತು. ಜೀವ ಮನೆಗೆ ಬಾರದೆ ಶನಿವಾರವಿಲ್ಲ. ಕೊಂಬೆ ಹಿಡಿದವಳನ್ನು ಬಲವಂತವಾಗಿ ಎಬ್ಬಿಸುವವರೂ ಇಲ್ಲ. ಹನ್ನೊಂದು ಜನರಲ್ಲಿ ಒಂಬತ್ತು ಜನ ರಸ್ತೆಯ ಅಂಚಿಗೆ ಬಂದು ನಿಂತರು. ಫೆಲಾಡಿ ಎಲ್ಲರಿಗಿಂತ ಮುಂದಿದ್ದಳು. ಮಬುಂಡಾ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಹಿಡಿದ.

ಮಾವ ಮೆಲ್ಲಗೆ ನಡೆದುಬಂದರು. ಜೊಂಡಿನಿಂದ ಹತ್ತು ಮಾರು ದೂರದಲ್ಲಿ ನಿಂತರು. ಅದಕ್ಕಿಂತ ಹತ್ತಿರ ಬರಲಿಲ್ಲ.

"ಸಿಬು, ಏಳಮ್ಮ. ಹಟ ಬೇಡ."

ಕೊಂಬೆಯನ್ನು ಮಡಿಲಿಗೆ ಹಾಕಿಕೊಂಡೆ.

"ನಿನ್ನ ಕಾಲಿಗೆ ಬೀಳ್ತೀನಿ ಬಾ. ರಸ್ತೇಲಿ ಕೂತ್ಕೋ, ಬಸ್ಸಿನಲ್ಲಿ ಕೂತ್ಕೋ. ಅಲ್ಲಿ ಬೇಡ."

ನಾನು ಬೆನ್ನನ್ನು ಗೋಡೆಗೆ ಒರಗಿಸಿದೆ. ತಲೆಯ ಮೇಲೆ ಎಲ್ಲೋ ಒಂದು ಹಿಡಿ ಬಿಳಿ ಮಣ್ಣು ಸಡಿಲವಾಗಿ ನನ್ನ ಹೆಗಲಿಗೆ ಉದುರಿತು.

ಆಗ ಮಾವ ಕಿರುಚಿದರು. ಅಷ್ಟು ವರ್ಷದಲ್ಲಿ ನಾನು ಕೇಳಿರದ ದನಿ. ಅದರಲ್ಲಿ ಉಪಾಯವಿರಲಿಲ್ಲ, ನಾಟಕವಿರಲಿಲ್ಲ. ಬಾವಿಯ ಅಂಚಿಗೆ ಹೋದ ಮಗುವನ್ನು ಕೂಗುವ ತಂದೆಯ ಭಯವಿತ್ತು. ನನ್ನ ನಂಬಿಕೆಯನ್ನು ಮಾರಿಕೊಂಡ ಮನುಷ್ಯ ನನ್ನನ್ನು ಇನ್ನೂ ಪ್ರೀತಿಸುತ್ತಿದ್ದ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

"ಏಳೇ ಸಿಬು! ಆ ಗೋಡೆ ನಿಲ್ಲಲ್ಲ ಕಣೇ! ಅದರಡೀಲಿ ಕಲ್ಲಿಲ್ಲ, ಬರೀ ಮರಳು! ಲೆಸಿಬಾ ಹೇಳಿದ್ದು ನಿಜ, ಅದು ಯಾವತ್ತು ಬೇಕಾದ್ರೂ..."

ಮಾವ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ತಡವಾಗಿತ್ತು.

ರಸ್ತೆಯ ಅಂಚಿನಲ್ಲಿ ಅಳು ನಿಂತಿತು. ಮಕೊಮಾ ಚಿಕ್ಕಮ್ಮ ಗೋಡೆಯನ್ನು ನೋಡಿದರು, ಇಳಿಜಾರಿನ ಕೆಳಗೆ ಹೊಗೆಯಾಡುತ್ತಿದ್ದ ನಮ್ಮೂರಿನ ಒಲೆಗಳನ್ನು ನೋಡಿದರು.

"ನಾರೆ, ಲೆಸಿಬಾ ನಿನಗೆ ಏನು ಹೇಳಿದ್ದ?" ಎಂದು ಕೇಳಿದರು. "ಕೆಳಗೆ ನಮ್ಮ ಮಕ್ಕಳಿದ್ದಾರೆ. ಏನು ಹೇಳಿದ್ದ ಅವನು?"

ಫೆಲಾಡಿ ಕೈಯಲ್ಲಿದ್ದ ಕಾಗದವನ್ನು ಮಡಚಿ ರವಿಕೆಯೊಳಗೆ ಸೇರಿಸಿ, ನೇರವಾಗಿ ಮಾವನ ಕಡೆ ನಡೆಯತೊಡಗಿದಳು.

ಮಬುಂಡಾನ ರೇಡಿಯೋ ಕರಕರ ಎಂದಿತು. ವಿಸಾಗಿಯ ದನಿ.

"ಮಬುಂಡಾ, ಬಸ್ಸು ಯಾಕೆ ನಿಂತಿದೆ? ಯಾವ ಪಂಪುಮನೆ ಹತ್ರ ಇದ್ದೀರಿ?"

ಮಬುಂಡಾ ರೇಡಿಯೋವನ್ನು ಬಾಯಿಗೆ ಹಿಡಿದು ಹೆಬ್ಬೆರಳನ್ನು ಗುಂಡಿಗಳ ಮೇಲೆ ತಂದ. ಅದರಲ್ಲಿ ಎರಡು ಗುಂಡಿಗಳಿದ್ದವು. ಕಪ್ಪು ಗುಂಡಿ ಮ್ಯಾನೇಜರ್ ಕಚೇರಿಗೆ. ಕೆಂಪು ಗುಂಡಿ ಊರಿನ ಸೈರನ್ನಿಗೆ, ಇಪ್ಪತ್ತಾರು ವರ್ಷದಲ್ಲಿ ಯಾರೂ ಅದನ್ನು ಒತ್ತಿರಲಿಲ್ಲ. ಅಪ್ಪಣೆಯಿಲ್ಲದೆ ಒತ್ತಿದವನ ಕೆಲಸ ಅವತ್ತೇ ಹೋಗುತ್ತದೆ.

ಅವನು ನನ್ನ ಕಡೆ ನೋಡಿದ. "ಅಕ್ಕಾ, ಮುದುಕ ಹೇಳಿದ್ದು ನಿಜಾನಾ? ಹೌದು ಅಥವಾ ಇಲ್ಲ, ಒಂದೇ ಮಾತು ಹೇಳಿ."

ಬದುಕಿದವನೊಬ್ಬನಿಗೆ ಒಂದೇ ಒಂದು ಮಾತು. ಕೊಂಬೆಗೆ ಹೇಳಿದರೆ ಮತ್ತೆ ಹುಚ್ಚಿಯ ಮಾತಾಗುತ್ತದೆ, ಅವನಿಗೇ ಹೇಳಿದರೆ ತಮ್ಮ ಈ ಕೆಸರಲ್ಲೇ ಇಳಿದುಬಿಡುತ್ತಾನೆ. ಅಂಗೈಯ ಮುಳ್ಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ, ತಮ್ಮನ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಕರೆದೆ, ಮಬುಂಡಾನ ಮುಖ ನೋಡಿ ಬಾಯಿ ತೆರೆದೆ.